ಪ್ರೇಮನಾಥನ ಬ್ಯಾಟರಿ ಉಸಿರಾಡಿದ್ದು

ದೇರೆಬೈಲಿನಲ್ಲಿ ‘ಸಾಗರ ದರ್ಶನ’ ಎಂಬ ಹನ್ನೆರಡು ಮನೆಗಳ ಕಟ್ಟಡವೊಂದಿದೆ. ಅಲ್ಲಿಂದ ಸಾಗರ ಕಾಣುವುದಿಲ್ಲ. ಟೆರೇಸಿನ ನೀರಿನ ಟ್ಯಾಂಕಿನ ಮೇಲೆ ಹತ್ತಿ ನಿಂತರೆ ಕಾಣುತ್ತದೆ ಎಂದು ಹೇಳುವವರಿದ್ದಾರೆ, ಹತ್ತಿ ನೋಡಿದವರು ಯಾರೂ ಇಲ್ಲ. ಈ ಕಟ್ಟಡದ ಮೂರನೆಯ ಮಹಡಿಯಲ್ಲಿ ಪ್ರೇಮನಾಥ ತನ್ನ ತಾಯಿ ಅಮ್ಮಣ್ಣಿ ಮತ್ತು ಹೆಂಡತಿ ಜಲಜಾಕ್ಷಿಯೊಂದಿಗೆ ವಾಸವಾಗಿದ್ದ. ಅವನ ಅಪ್ಪ, ಅಜ್ಜ, ಅಜ್ಜನ ತಮ್ಮಂದಿರು ಎಲ್ಲರೂ ಕಡಲಿಗೆ ಹೋದವರು. ಪ್ರೇಮನಾಥನಿಗೆ ಮಾತ್ರ ದೋಣಿ ಹತ್ತಿದರೆ ವಾಂತಿ. ಹಾಗಾಗಿ ಅವನು ಬೈಕಂಪಾಡಿಯ ಐಸ್ ಪ್ಲಾಂಟಿನಲ್ಲಿ ಸೂಪರ್‌ವೈಸರ್ ಆಗಿ, ಉಳಿದವರು ಹಿಡಿದು ತಂದ ಮೀನು ಕೆಡದಂತೆ ನೋಡಿಕೊಳ್ಳುವ ಜವಾಬ್ದಾರಿ ಹೊತ್ತಿದ್ದ.

ಐವತ್ತೆರಡನೆಯ ವಯಸ್ಸಿಗೆ ಅವನು ತನ್ನ ಜೀವನದ ಮೊದಲ ಕಾರು ಕೊಂಡ. ಹೊಸದಲ್ಲ, ಕದ್ರಿಯ ದಂತವೈದ್ಯ ಕಮಲೇಶ್ ಓಡಿಸಿದ್ದು. ಡಾಕ್ಟರು ಕೀಲಿ ಕೊಡುವ ಮೊದಲು ಮುಕ್ಕಾಲು ಗಂಟೆ ವಿವರಿಸಿದರು. ಇದು ಪ್ಲಗ್ ಇನ್ ಹೈಬ್ರಿಡ್, ಚಾರ್ಜ್ ಮಾಡಿದರೆ ನಲವತ್ತೈದು ಕಿಲೋಮೀಟರು ಕರೆಂಟಿನಲ್ಲೇ ಹೋಗುತ್ತದೆ, ಆಮೇಲೆ ಪೆಟ್ರೋಲ್ ಎಂಜಿನ್ ತಾನಾಗಿಯೇ ಶುರುವಾಗುತ್ತದೆ, ಕೆಲವೊಮ್ಮೆ ಅದಕ್ಕಿಂತ ಮೊದಲೂ ಶುರುವಾಗಬಹುದು ಎಂದರು. ಬಾಯಿ ತೆರೆದು ಕೂತವರಿಗೆ ವಿವರಿಸಿ ಅಭ್ಯಾಸವಾದ ಅವರು, ಕೇಳುವವನು ಮರುಮಾತಾಡದಿದ್ದರೆ ಅರ್ಥವಾಗಿದೆ ಎಂದು ತಿಳಿಯುವವರು. ಪ್ರೇಮನಾಥ ಮರುಮಾತಾಡಲಿಲ್ಲ. ಅವನ ತಲೆಯಲ್ಲಿ ಉಳಿದದ್ದು ‘ಕರೆಂಟು’ ಎಂಬ ಒಂದೇ ಶಬ್ದ. ಪೆಟ್ರೋಲು ಮನೆಯಲ್ಲಿ ಮೇಣದಬತ್ತಿ ಇಟ್ಟುಕೊಳ್ಳುವ ಹಾಗೆ, ಆಪತ್ತಿಗಿರಲಿ ಎಂದು ಇಟ್ಟದ್ದೆಂದು ಅವನು ನಂಬಿದ.

ಚಾರ್ಜ್ ಮಾಡಲು ಕೆಳಗಿನ ಪಾರ್ಕಿಂಗಿನಲ್ಲಿ ಒಂದು ಪ್ಲಗ್ ಬೇಕಾಗಿತ್ತು. ಅದಕ್ಕೆ ಕಟ್ಟಡದ ಸಂಘದ ಅಧ್ಯಕ್ಷ ಹರಿದಾಸ ಉಪಾಧ್ಯಾಯರ ಒಪ್ಪಿಗೆ ಬೇಕು. ಉಪಾಧ್ಯಾಯರದು ದೇವಸ್ಥಾನದ ಅರ್ಚಕರ ಮನೆತನ. ಅಣ್ಣಂದಿರು ಪೂಜೆಗೆ ನಿಂತರೆ ಇವರು ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ಕಾರು ಕೊಂಡವರಲ್ಲ, ಓಡಿಸಿದವರೂ ಅಲ್ಲ. ಸೈಕಲ್ಲೇ ಅವರ ವಾಹನ. ಸಭೆಯಲ್ಲಿ ಅವರು ಕೇಳಿದ್ದು ಒಂದೇ ಪ್ರಶ್ನೆ, ಇದು ಕರೆಂಟಿನದ್ದೇ ಹೌದಾ ಎಂದು. ಕರೆಂಟಿನದ್ದೇ ಎಂದ ಪ್ರೇಮನಾಥ. ಪೆಟ್ರೋಲಿನ ವಾಸನೆ ಕೂಡ ಇದಕ್ಕೆ ಗೊತ್ತಿಲ್ಲ ಎಂದು, ಯಾರೂ ಕೇಳದಿದ್ದರೂ, ಸೇರಿಸಿದ. ‘ವಿದ್ಯುತ್ತಿನಿಂದ ಓಡುವ ವಾಹನಗಳಿಗೆ ಮಾತ್ರ’ ಎಂಬ ಬೋರ್ಡಿನ ಕೆಳಗೆ ಪ್ಲಗ್ ಬಂತು. ಪ್ರೇಮನಾಥ ಬೇರೆಯವರ ಕಾರುಗಳನ್ನು ಕಂಡಾಗ ಮೂಗು ಸ್ವಲ್ಪ ಮುರಿಯುವುದನ್ನು ರೂಢಿಸಿಕೊಂಡ.

ಹದಿನೈದು ದಿನ ಹೀಗೇ ಸುಖವಾಗಿ ಕಳೆಯಿತು. ಮೂರನೆಯ ಭಾನುವಾರ ಬೆಳಿಗ್ಗೆ ಅವನು ತಾಯಿಯನ್ನು ಕಣ್ಣಿನ ಡಾಕ್ಟರರ ಬಳಿಗೆ ಕರೆದೊಯ್ಯಲು ಕಾರನ್ನು ಗೇಟಿನ ಬಳಿ ತಂದು, ಎಸಿ ಹಾಕಿ, ಅಮ್ಮ ಇನ್ನೂ ಬರಲಿಲ್ಲವೆಂದು ಮೇಲೆ ಹೋದ. ಶಬ್ದವಿಲ್ಲದ ಕಾರು ಆನ್ ಆಗಿದೆಯೋ ಆಫ್ ಆಗಿದೆಯೋ ಎಂದು ತಿಳಿಯುವುದು ಅವನಿಗಿನ್ನೂ ಒಗ್ಗಿರಲಿಲ್ಲ. ಬಾಗಿಲು ಮುಚ್ಚುವಾಗ ಕಾರು ಎರಡು ಸಲ ಕುಂಯ್ ಎಂದದ್ದನ್ನು ಅದು ತನಗೆ ವಿದಾಯ ಹೇಳಿದ್ದೆಂದು ಭಾವಿಸಿದ. ಮೇಲೆ ಅಮ್ಮಣ್ಣಿಯ ಕನ್ನಡಕ ಸಿಗಲಿಲ್ಲ. ಹುಡುಕಲು ಅರ್ಧ ಗಂಟೆ ಹಿಡಿಯಿತು. ಅಷ್ಟು ಹೊತ್ತು ಬಿಸಿಲಲ್ಲಿ ಎಸಿ ಓಡಿಸಿ ದಣಿದ ಬ್ಯಾಟರಿ ಕೈಚೆಲ್ಲಿತು. ಯಾರೂ ಇಲ್ಲದ ಕಾರಿನೊಳಗೆ ಎಂಜಿನ್ ತಾನಾಗಿಯೇ ಗುರ್ ಎಂದು ಶುರುವಾಯಿತು.

ವಾಚ್‌ಮನ್ ಸಂಕಪ್ಪ ಪಕ್ಕದಲ್ಲೇ ಪೇಪರ್ ಓದುತ್ತಿದ್ದ. ಅವನು ಒಳಗೆ ಇಣುಕಿದ. ಸ್ಟೇರಿಂಗಿನ ಹಿಂದೆ ಯಾರೂ ಇರಲಿಲ್ಲ. ಕಳ್ಳ ಸೀಟಿನ ಅಡಿಯಲ್ಲಿ ಮಲಗಿ ಕಾರು ಶುರು ಮಾಡಿದ್ದಾನೆಂದು ತೀರ್ಮಾನಿಸಿ ಸೀಟಿ ಊದಿದ. ಒಂದನೆಯ ಮಹಡಿಯ ಜಾಯ್ಸ್ ಬಾಯಿ ಭಾನುವಾರದ ಪೂಜೆ ಮುಗಿಸಿ ಇಗರ್ಜಿಯಿಂದ ಆಗಷ್ಟೇ ಬಂದವರು, ಕೊಡೆಯನ್ನು ಈಟಿಯಂತೆ ಹಿಡಿದು ಒಂದು ಬಾಗಿಲು ಕಾಯ್ದರು, ಮತ್ತು ಕೈಯಲ್ಲಿದ್ದ ಮೊಬೈಲಿನಿಂದ ಪೊಲೀಸರಿಗೆ ಫೋನು ಮಾಡಿದರು. ಬೈಕಿನಲ್ಲಿ ಬಂದ ಪೇದೆ ಕಾರಿನ ಅಡಿಗೆ ಬಗ್ಗಿ ನೋಡಿ, ಆರೋಪಿ ಯಾರು ಎಂದು ಕೇಳಿದ. ಕಾರು ಎಂದರು. ಕದ್ದ ಮಾಲು ಯಾವುದು ಎಂದ. ಅದೂ ಕಾರೇ ಎಂದರು. ಅವನು ಬರೆಯಲು ತೆಗೆದ ಪುಸ್ತಕವನ್ನು ಮಡಚಿ, ಸಂಕಪ್ಪ ಕೊಟ್ಟ ಚಹಾ ಕುಡಿದು ಹೋದ.

ಪ್ರೇಮನಾಥ ಇಳಿದು ಬರುವಾಗ ಕಾರಿನ ಸುತ್ತ ಹನ್ನೊಂದು ಮನೆಯವರೂ ನಿಂತಿದ್ದರು. ಹಿಂದುಗಡೆ ಉಪಾಧ್ಯಾಯರು ಕುಕ್ಕರುಗಾಲಲ್ಲಿ ಕೂತು, ಕೊಳವೆಯ ಎದುರು ಅಂಗೈ ಹಿಡಿದು, ಬಿಸಿಗಾಳಿಯ ಪರೀಕ್ಷೆ ಮಾಡುತ್ತಿದ್ದರು. ಇದೆಂತ ಎಂದು ಅವರು ತಲೆಯೆತ್ತಿ ಕೇಳಿದರು. ಪೆಟ್ರೋಲಿನ ವಾಸನೆಯೂ ಗೊತ್ತಿಲ್ಲವೆಂದು ಎರಡು ವಾರದ ಹಿಂದೆ ಇದೇ ಜನರ ಎದುರು ಹೇಳಿದ ಮನುಷ್ಯ ಅಂಗಿಯ ಕಾಲರು ಸರಿಪಡಿಸಿಕೊಂಡ. “ಅದು ಬ್ಯಾಟರಿಯ ಫ್ಯಾನು, ಸರ್,” ಎಂದ.

ಅಷ್ಟಕ್ಕೇ ಬಿಟ್ಟಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ಮೂವತ್ತೊಂದು ವರ್ಷ ಪಾಠ ಮಾಡಿದವರ ಎದುರು ಒಂದು ವಾಕ್ಯವನ್ನು ಅರ್ಧಕ್ಕೆ ಬಿಡಬಾರದು. ಉಪಾಧ್ಯಾಯರ ಮುಖ ಬೆಳಗಿತು. ಬ್ಯಾಟರಿ ಕೆಲಸ ಮಾಡಿದರೆ ಬಿಸಿಯಾಗುತ್ತದೆ, ಬಿಸಿಯಾದದ್ದು ಹೊರಗೆ ಹೋಗಬೇಕು, ಹೋಗಲು ದಾರಿ ಬೇಕು, ಆ ದಾರಿಯೇ ಈ ಕೊಳವೆ ಎಂದು ಅವರು ಎದ್ದುನಿಂತು ವಿವರಿಸಿದರು. ಮನುಷ್ಯ ಓಡಿ ಬಂದು ಏದುಸಿರು ಬಿಡುವುದಿಲ್ಲವೇ, ಹಾಗೆ. ಪೆಟ್ರೋಲಿನ ವಾಸನೆ ಬರುತ್ತದಲ್ಲ ಎಂದ ಸಂಕಪ್ಪನಿಗೆ, ರಬ್ಬರ್ ಬಿಸಿಯಾದರೆ ಹಾಗೇ ಎಂದರು.

ಆಗ ಅಮ್ಮಣ್ಣಿ ಕನ್ನಡಕ ಸರಿಪಡಿಸಿಕೊಳ್ಳುತ್ತ ಮೆಟ್ಟಿಲಿಳಿದು ಬಂದರು. ಐವತ್ತು ವರ್ಷ ಬೋಟುಗಳು ಬಂದು ನಿಲ್ಲುವ ದಕ್ಕೆಯಲ್ಲಿ ಮೀನು ಮಾರಿದ ಆಕೆ, ಬರುವ ಬೋಟು ಯಾರದ್ದೆಂದು ಶಬ್ದ ಕೇಳಿಯೇ ಹೇಳುತ್ತಿದ್ದವರು. ಒಂದು ಕ್ಷಣ ಕಿವಿಗೊಟ್ಟು, “ನಾಲ್ಕು ಸಿಲಿಂಡರಿನ ಎಂಜಿನು. ಒಳ್ಳೆಯದುಂಟು,” ಎಂದರು. ಪ್ರೇಮನಾಥ ತಾಯಿಯನ್ನು ತೋಳು ಹಿಡಿದು ಒಳಗೆ ಕೂರಿಸಿ ಬಾಗಿಲು ಹಾಕಿದ.

ಮರುದಿನ ನೋಟಿಸ್ ಬೋರ್ಡಿನಲ್ಲಿ ‘ಬ್ಯಾಟರಿಯ ಉಸಿರಾಟ: ಭಯ ಬೇಡ’ ಎಂಬ ಎರಡು ಪುಟಗಳ ಪ್ರಕಟಣೆ ಕಾಣಿಸಿತು. ಕೆಳಗೆ ಕಾರಿನ ಚಿತ್ರ, ಹೊರಹೋಗುವ ಗಾಳಿಗೆ ಕೆಂಪು ಬಾಣ, ಒಳಬರುವ ಗಾಳಿಗೆ ನೀಲಿ. ವಾರದೊಳಗೆ ಉಪಾಧ್ಯಾಯರು ಇದೇ ವಿಷಯವಾಗಿ ಕದ್ರಿ ಪಾರ್ಕಿನಲ್ಲಿ ಬೆಳಿಗ್ಗೆ ನಡೆಯಲು ಬರುವ ಹಿರಿಯ ನಾಗರಿಕರಿಗೆ ಮಾತಾಡಿದರು. ಅವರು ಚಪ್ಪಾಳೆ ತಟ್ಟಿದರು. ಪ್ರೇಮನಾಥನಿಗೆ ನಿಜ ಹೇಳುವ ದಾರಿ ಮುಚ್ಚಿಹೋಯಿತು. ತನ್ನ ಮಾನ ಹೋಗುವುದಾದರೆ ಹೇಗೋ ಸಹಿಸಬಹುದಿತ್ತು. ಈಗ ಬಾಯಿ ಬಿಟ್ಟರೆ ಮೂವತ್ತೊಂದು ವರ್ಷದ ಭೌತಶಾಸ್ತ್ರದ ಮಾನ ಹೋಗುತ್ತಿತ್ತು.

ಉಳಿದದ್ದು ಒಂದೇ ಉಪಾಯ, ಎಂಜಿನ್ ಶುರುವಾಗದಂತೆ ನೋಡಿಕೊಳ್ಳುವುದು. ಡಾಕ್ಟರು ಹೇಳಿದ ನಲವತ್ತೈದು ಕಿಲೋಮೀಟರು ಬಹುಶಃ ಇಳಿಜಾರಿನದ್ದು. ಮಂಗಳೂರಿನ ಏರುತಗ್ಗಿನಲ್ಲಿ ಸಿಗುತ್ತಿದ್ದದ್ದು ಇಪ್ಪತ್ತೆಂಟು. ಪ್ರೇಮನಾಥ ತನ್ನ ಬದುಕನ್ನು ಇಪ್ಪತ್ತೆಂಟು ಕಿಲೋಮೀಟರಿನೊಳಗೆ ಮಡಚಿಟ್ಟುಕೊಂಡ. ಎಸಿ ನಿಂತಿತು. ಆಕ್ಸಿಲರೇಟರನ್ನು ಮೊಟ್ಟೆಯ ಮೇಲೆ ಕಾಲಿಟ್ಟಂತೆ ಒತ್ತಿದ. ಕೊಟ್ಟಾರದ ರಸ್ತೆಯಲ್ಲಿ ಸೊಪ್ಪು ಮಾರುವವರ ಸೈಕಲ್ಲುಗಳು ಅವನನ್ನು ಹಿಂದೆ ಹಾಕಿ ಹೋದವು. ಜಲಜಾಕ್ಷಿ ಕಾರಿನಲ್ಲಿ ಬೆವರು ಒರೆಸಲು ಒಂದು ಬೈರಾಸು ಇಟ್ಟುಕೊಂಡಳು, ಆಮೇಲೆ ಬಸ್ಸಿನಲ್ಲೇ ಹೋಗತೊಡಗಿದಳು.

ಸೋದರಳಿಯ ಲತೀಶನ ಮದುವೆ ಕದ್ರಿಯ ಗುಡ್ಡದ ಮೇಲಿನ ಹಾಲ್‌ನಲ್ಲಿತ್ತು. ಪ್ರೇಮನಾಥ ಮೂವರು ಚಿಕ್ಕಮ್ಮಂದಿರನ್ನು ಕರೆದುಕೊಂಡು ಹೊರಟ. ಏರಿನ ಬುಡದಲ್ಲಿ ಕಾರು ನಿಲ್ಲಿಸಿ, ಎಲ್ಲರೂ ಇಳಿದು ನಡೆದರೆ ಒಳ್ಳೆಯದಿತ್ತು, ಭಾರ ಹೆಚ್ಚಾದರೆ ಬ್ಯಾಟರಿಗೆ ಕಷ್ಟ ಎಂದ. ಹಿರಿಯ ಚಿಕ್ಕಮ್ಮ ರೇಷ್ಮೆ ಸೀರೆಯ ನೆರಿಗೆ ಎತ್ತಿಕೊಂಡು ಇಳಿದು, “ಕಾರಿಗೂ ಮೊಣಕಾಲು ನೋವುಂಟಾ ಮಗಾ?” ಎಂದು ಕೇಳಿದರು. ಕಾರು ಆಮೆಯಂತೆ ಏರಿತು. ಚಿಕ್ಕಮ್ಮಂದಿರು ಅದಕ್ಕಿಂತ ಮೊದಲೇ ತಲುಪಿದ್ದರು. ಬೆವರಿ ಬಂದ ಅವರನ್ನು ನೋಡಿ ಹೆಣ್ಣಿನ ಕಡೆಯವರು, ದೇರೆಬೈಲಿನಿಂದ ನಡೆದೇ ಬಂದಿರಾ ಎಂದು ವಿಚಾರಿಸಿ ಎಳನೀರು ಕೊಟ್ಟರು.

ಇಷ್ಟೆಲ್ಲ ಮಾಡಿದರೂ ಎಂಜಿನ್ ಸುಮ್ಮನಿರಲಿಲ್ಲ. ಮೊದಲು ವಾರಕ್ಕೊಮ್ಮೆ, ಆಮೇಲೆ ದಿನಕ್ಕೊಮ್ಮೆ, ಬ್ಯಾಟರಿ ತುಂಬಿದ್ದಾಗಲೂ, ಕಾರಣವಿಲ್ಲದೆ ಶುರುವಾಗುತ್ತಿತ್ತು. ಅದನ್ನು ಕೇಳಿದಾಗಲೆಲ್ಲ ಉಪಾಧ್ಯಾಯರು ಬಾಲ್ಕನಿಯಿಂದ ತೃಪ್ತಿಯಿಂದ ತಲೆಯಾಡಿಸುತ್ತಿದ್ದರು. ಪ್ರೇಮನಾಥ ಬೈಕಂಪಾಡಿಯ ಮೆಕ್ಯಾನಿಕ್ ಜೊಕಿಮ್‌ನ ಬಳಿಗೆ ಹೋದ. ಜೊಕಿಮ್ ಕೇಳಿದ್ದು, ಪೆಟ್ರೋಲು ಹಾಕಿ ಎಷ್ಟು ಸಮಯವಾಯಿತೆಂದು. ಹಾಕಿಯೇ ಇಲ್ಲ, ಡಾಕ್ಟರು ಹಾಕಿಸಿದ್ದೇ ಇರುವುದು ಎಂದ ಪ್ರೇಮನಾಥ ಹೆಮ್ಮೆಯಿಂದ.

“ಅದೇ ರೋಗ,” ಎಂದ ಜೊಕಿಮ್. “ಪೆಟ್ರೋಲು ಹಳತಾಗಿದೆ. ಅದನ್ನು ಸುಟ್ಟು ಖಾಲಿ ಮಾಡ್ಲಿಕ್ಕೆ ಕಾರು ತಾನೇ ಎಂಜಿನ್ ಓಡಿಸ್ತಾ ಉಂಟು. ನೀವು ಅದಕ್ಕೆ ಕೆಲಸ ಕೊಡ್ಲಿಲ್ಲ, ಅದು ತಾನೇ ಕೆಲಸ ಹುಡುಕಿಕೊಂಡಿದೆ. ಹೊಸ ಪೆಟ್ರೋಲು ಹಾಕಿ ಮಾರಾಯ್ರೆ, ಸುಮ್ಮನಾಗ್ತದೆ.”

ಪ್ರೇಮನಾಥ ಅಲ್ಲಿದ್ದ ಟಯರಿನ ಮೇಲೆ ಕೂತುಕೊಂಡ. ಎಂಜಿನನ್ನು ಅಡಗಿಸಿಡಲು ತಾನು ಪಟ್ಟ ಪಾಡೇ ಅದನ್ನು ಎಬ್ಬಿಸುತ್ತಿತ್ತು.

ಪೆಟ್ರೋಲು ಹಾಕುವುದೇನು ದೊಡ್ಡ ಕೆಲಸ ಎಂದು ನಿಮಗೆ ಅನ್ನಿಸಬಹುದು. ಬೈಕಂಪಾಡಿಯ ಬಂಕಿನಲ್ಲಿ ಐಸ್ ಪ್ಲಾಂಟಿನ ಲಾರಿಗಳವರು ಸದಾ ಇರುತ್ತಾರೆ, ಅವರಿಗೂ ಅವನು ಕರೆಂಟು ಕಾರಿನ ಬಗ್ಗೆ ಭಾಷಣ ಕೊಟ್ಟಿದ್ದ. ಹಾಗಾಗಿ ಮನೆಯ ಹತ್ತಿರದ ಬಂಕಿಗೆ ಹೋದ. ಮೊದಲ ದಿನ ಅಲ್ಲಿ ಜಾಯ್ಸ್ ಬಾಯಿ ಸ್ಕೂಟರಿಗೆ ಪೆಟ್ರೋಲು ಹಾಕಿಸುತ್ತಿದ್ದರು. ಅವನು ಕಾರು ನಿಲ್ಲಿಸದೆ ಆ ಕಡೆಯಿಂದ ಹೊರಬಿದ್ದ. ಎರಡನೆಯ ದಿನ ಉಪಾಧ್ಯಾಯರೇ ಸೈಕಲ್ಲಿಗೆ ಗಾಳಿ ಹಾಕಿಸುತ್ತಿದ್ದರು. ನೀವೂ ಗಾಳಿಗೆ ಬಂದಿರಾ ಎಂದು ಸಂತೋಷದಿಂದ ಕೈ ಬೀಸಿ ಕರೆದರು. ಭರ್ತಿಯಿದ್ದ ನಾಲ್ಕು ಟಯರುಗಳಿಗೆ ಇನ್ನಷ್ಟು ಗಾಳಿ ಹಾಕಿಸಿಕೊಂಡು ಪ್ರೇಮನಾಥ ಪುಟಿಯುತ್ತ ಮನೆಗೆ ಬಂದ. ಮೂರನೆಯ ದಿನ ಪರಿಚಯದವರು ಯಾರೂ ಇರಲಿಲ್ಲ. ಆದರೆ ಪೈಪು ಹಿಡಿದವನೇ ಹತ್ತಿರ ಬಂದು, ಇದು ಪ್ರೊಫೆಸರು ಹೇಳಿದ ಉಸಿರಾಡುವ ಕಾರಲ್ವಾ ಎಂದು ಕೇಳಿದ. ಪ್ರೇಮನಾಥ ಗಾಜು ಒರೆಸಿಕೊಂಡು ವಾಪಸಾದ.

ಹೀಗಿರುವಾಗ ಉಪಾಧ್ಯಾಯರ ಹೆಂಡತಿ ಮನೋರಮಾ ಅವರ ಪರೀಕ್ಷೆ ಬಂತು. ಮನೋರಮಾ ಐವತ್ತೆಂಟನೆಯ ವಯಸ್ಸಿನಲ್ಲಿ, ಮುಕ್ತ ವಿಶ್ವವಿದ್ಯಾಲಯದಿಂದ ಕನ್ನಡ ಎಂಎಗೆ ಕಟ್ಟಿದ್ದರು. ಮೂರು ಬಾರಿ ಮನೆಯ ಒಂದಲ್ಲ ಒಂದು ಕಾರ್ಯಕ್ಕಾಗಿ ಬಿಟ್ಟುಹೋಗಿದ್ದ ಕೊನೆಯ ಪತ್ರಿಕೆ ಅದು. ಈ ಸಲವೂ ತಪ್ಪಿದರೆ ಅವಧಿ ಮುಗಿದು, ಮೊದಲಿನಿಂದ ಶುರು ಮಾಡಬೇಕಿತ್ತು. ಪರೀಕ್ಷಾ ಕೇಂದ್ರ ಮೂಲ್ಕಿಯ ಕಾಲೇಜಿನಲ್ಲಿ, ಹತ್ತು ಗಂಟೆಗೆ. ಮೆಟ್ಟಿಲಲ್ಲಿ ಜಾರಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದರಿಂದ ಬಸ್ಸು ಹತ್ತುವಂತಿರಲಿಲ್ಲ. ಹೇಳಿಟ್ಟ ಟ್ಯಾಕ್ಸಿಯವನು ಒಂಬತ್ತಕ್ಕೆ ಫೋನು ಮಾಡಿ ಗಾಡಿ ಕೆಟ್ಟಿದೆ ಎಂದ.

ಉಪಾಧ್ಯಾಯರು ಮೂರನೆಯ ಮಹಡಿಗೆ ಓಡಿಬಂದು ಬಾಗಿಲಲ್ಲಿ ನಿಂತರು. ಪ್ರೇಮನಾಥ ಹಿಂದುಮುಂದು ನೋಡದೆ ಕೀಲಿ ತೆಗೆದುಕೊಂಡ. ಕಾರಿನಲ್ಲಿ ಕೂತ ಮೇಲೆ ಅವನಿಗೆ ನೆನಪಾಯಿತು, ಹಿಂದಿನ ದಿನವಿಡೀ ಲೈನಿನ ಕೆಲಸವೆಂದು ಕರೆಂಟು ಇರಲಿಲ್ಲ. ಬ್ಯಾಟರಿಯಲ್ಲಿದ್ದದ್ದು ಹನ್ನೊಂದು ಕಿಲೋಮೀಟರು. ಮೂಲ್ಕಿಗೆ ಇಪ್ಪತ್ತೈದು. ಹಳೆಯ ಪೆಟ್ರೋಲನ್ನೆಲ್ಲ ಕಾರು ತಾನೇ ಸುಟ್ಟು ಮುಗಿಸಿ, ಮುಳ್ಳು ಕೆಂಪು ಗೆರೆಯ ಕೆಳಗೆ ಮಲಗಿತ್ತು.

ಕೂಳೂರು ಸೇತುವೆಯ ಬಳಿ ಲಾರಿಗಳು ಸಾಲಾಗಿ ನಿಂತಿದ್ದವು. ಮುಂದಿನ ಸೀಟಿನಲ್ಲಿ ಉಪಾಧ್ಯಾಯರು ಗಡಿಯಾರವನ್ನೂ ರೇಂಜಿನ ಅಂಕಿಯನ್ನೂ ಒಂದಾದ ಮೇಲೊಂದರಂತೆ ನೋಡುತ್ತಿದ್ದರು. ಸೇತುವೆ ದಾಟುವಾಗ ಅದು ಆರಕ್ಕೆ ಇಳಿದಿತ್ತು. ಅವರು ಮನಸ್ಸಿನಲ್ಲೇ ಲೆಕ್ಕ ಹಾಕಿ ಮುಗಿಸಿದರು.

“ಪ್ರೇಮನಾಥರೇ, ಆರು ಉಂಟು, ಇಪ್ಪತ್ತು ಬೇಕು. ಇದು ಆಗುವುದಿಲ್ಲ. ನೀವು ಕಾರು ಬದಿಗೆ ಹಾಕಿ. ನಾನು ಯಾರಿಗಾದರೂ ಕೈ ತೋರಿಸ್ತೇನೆ.”

ಅವರ ಕೈ ಆಗಲೇ ಬಾಗಿಲಿನ ಹಿಡಿಯ ಮೇಲಿತ್ತು. ಹಿಂದೆ ಪ್ಲಾಸ್ಟರಿನ ಕಾಲು ಚಾಚಿ ಮನೋರಮಾ ನೋಟ್ಸ್ ಓದುತ್ತಿದ್ದರು. ಕನ್ನಡಿಯಲ್ಲಿ ಅವರ ಮುಖ ಕಂಡ ಪ್ರೇಮನಾಥ ಕಾರು ಬದಿಗೆ ಹಾಕಲಿಲ್ಲ.

“ಸರ್, ಇದರಲ್ಲಿ ಎಂಜಿನ್ ಉಂಟು,” ಎಂದ.

“ಯಾವ ಎಂಜಿನ್?”

“ಪೆಟ್ರೋಲಿನದ್ದು.”

ಉಪಾಧ್ಯಾಯರು ತಿರುಗಿ ಕಾರಿನ ಹಿಂಬದಿಯ ಕಡೆ ನೋಡಿದರು. “ಹಾಗಾದರೆ ಆ ಕೊಳವೆ?”

“ಸೈಲೆನ್ಸರು, ಸರ್.”

ಕಾರು ಪಣಂಬೂರು ದಾಟಿತು. ಉಪಾಧ್ಯಾಯರ ಕಣ್ಣೆದುರು ಕದ್ರಿ ಪಾರ್ಕಿನ ಹಿರಿಯ ನಾಗರಿಕರು ಒಬ್ಬೊಬ್ಬರಾಗಿ ಹಾದುಹೋದಂತೆ ಕಂಡಿತು. ಆಗ ಹಿಂದಿನಿಂದ ಮನೋರಮಾ ಪುಟ ತಿರುವುತ್ತ, ತಲೆಯೆತ್ತದೆಯೇ ಹೇಳಿದರು.

“ಅದು ಇಡೀ ಬಿಲ್ಡಿಂಗಿಗೆ ಗೊತ್ತುಂಟು. ಅಮ್ಮಣ್ಣಿಯಮ್ಮ ಮೊದಲ ದಿನವೇ ಮನೆ ಮನೆಗೆ ಹೋಗಿ ಹೇಳಿದ್ದಾರೆ. ನಿಮ್ಮಿಬ್ಬರಿಗೂ ಬೇಸರ ಆಗ್ತದೆ ಅಂತ ಯಾರೂ ಮಾತೆತ್ತಲಿಲ್ಲ.”

“ನಿನಗೂ ಗೊತ್ತಿತ್ತಾ?”

“ನಿಮ್ಮ ಚಿತ್ರಕ್ಕೆ ಬಾಣ ಬರೆದುಕೊಟ್ಟದ್ದು ಯಾರು? ಈಗ ಸುಮ್ಮನಿರಿ, ಛಂದಸ್ಸು ಓದ್ಲಿಕ್ಕುಂಟು.”

ಬೈಕಂಪಾಡಿಯ ಬಂಕಿನಲ್ಲಿ ಪ್ರೇಮನಾಥನ ಐಸ್ ಪ್ಲಾಂಟಿನ ಎರಡು ಲಾರಿಗಳು ನಿಂತಿದ್ದವು. ಅವನು ಅವುಗಳ ನಡುವೆಯೇ ಕಾರು ನುಗ್ಗಿಸಿದ. ಡ್ರೈವರುಗಳು ಕಣ್ಣರಳಿಸಿ ನೋಡಿದರು. ಉಪಾಧ್ಯಾಯರು ಮೊದಲು ಇಳಿದು, ಫುಲ್ ಟ್ಯಾಂಕ್ ಎಂದು ತರಗತಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದರು. ಎರಡೇ ನಿಮಿಷದಲ್ಲಿ ಮತ್ತೆ ಹೆದ್ದಾರಿಯಲ್ಲಿದ್ದರು.

ಈಗ ಹೊಸ ಸಂಕಟ ಶುರುವಾಯಿತು. ಕಾರು ಶಬ್ದವೇ ಮಾಡಲಿಲ್ಲ. ಮೂರು ತಿಂಗಳು ಬೇಡ ಬೇಡವೆಂದಾಗ ಎದ್ದು ಕೂಗಿದ ಎಂಜಿನ್, ಬೇಕೆಂದ ಈ ಹೊತ್ತಿಗೆ ಗಾಢ ನಿದ್ದೆಯಲ್ಲಿತ್ತು. ಎಲ್ಲಿ, ಕೇಳುವುದಿಲ್ಲವಲ್ಲ ಎಂದು ಉಪಾಧ್ಯಾಯರು ಕಿವಿಯನ್ನು ಡ್ಯಾಶ್‌ಬೋರ್ಡಿಗೆ ಹಚ್ಚಿದರು. ಹಳೆಯ ಪೆಟ್ರೋಲು ತಿಂದು ಎಂಜಿನಿಗೇ ಏನಾದರೂ ಆಗಿದೆಯೋ ಎಂದು ಪ್ರೇಮನಾಥನ ಬೆನ್ನಿನಲ್ಲಿ ಬೆವರಿಳಿಯಿತು. ರೇಂಜು ಮೂರಾಯಿತು, ಎರಡಾಯಿತು. ಸುರತ್ಕಲ್ ಬಳಿ ಒಂದಾಯಿತು. ಮನೋರಮಾ ಕೂಡ ನೋಟ್ಸ್ ಮಡಚಿದರು. ಸೊನ್ನೆ ಕಾಣಿಸಿತು. ಮೂವರೂ ಉಸಿರು ಬಿಗಿಹಿಡಿದು ಕೂತಿರುವಾಗ, ಕಾರಿನ ಮೂಗಿನೊಳಗೆ ಎಲ್ಲೋ ಒಂದು ಸಣ್ಣ ಕಂಪನ ಎದ್ದು, ಎಂಜಿನ್ ಸಂಭಾವಿತನಂತೆ ಗುರುಗುಟ್ಟತೊಡಗಿತು. ಅಷ್ಟು ಇಂಪಾದ ಶಬ್ದವನ್ನು ಪ್ರೇಮನಾಥ ಹಿಂದೆ ಕೇಳಿರಲಿಲ್ಲ. ಅವನು ಎಸಿ ಹಾಕಿದ, ಆಕ್ಸಿಲರೇಟರನ್ನು ಮನಸ್ಸು ಬಿಚ್ಚಿ ಒತ್ತಿದ.

ಕಾಲೇಜಿನ ಗೇಟು ತಲುಪುವಾಗ ಹತ್ತಕ್ಕೆ ಆರು ನಿಮಿಷವಿತ್ತು. ಜವಾನ ತಂದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮನೋರಮಾ ಅವರನ್ನು ಕೂರಿಸಿ ಇಬ್ಬರೂ ಎತ್ತಿಕೊಂಡು ಹೋದರು. ಬಾಗಿಲಲ್ಲಿದ್ದ ಮೇಲ್ವಿಚಾರಕಿ ಉಪಾಧ್ಯಾಯರನ್ನು ತಡೆದು ಹಾಲ್ ಟಿಕೆಟ್ ಕೇಳಿದಳು. ಬರೆಯುವುದು ನಾನಲ್ಲ, ಹೊರುವುದು ಮಾತ್ರ ಎಂದು ಅವರು ಏದುಸಿರಿನ ನಡುವೆ ತಿಳಿಸಿದರು.

ಆಮೇಲೆ ಮೂರು ಗಂಟೆ ಇಬ್ಬರೂ ಮೈದಾನದ ಬದಿಯ ಮಾವಿನ ಮರದ ಕೆಳಗೆ ಕೂತರು. ಪ್ರೇಮನಾಥ ಕ್ಷಮಿಸಬೇಕು ಸರ್, ಸುಳ್ಳು ಹೇಳಿದೆ ಎಂದ. ಉಪಾಧ್ಯಾಯರು ಬಿದ್ದಿದ್ದ ಮಾವಿನ ಎಲೆಯೊಂದನ್ನು ಎತ್ತಿ ಮಡಚಿದರು.

“ನೀವು ಹೇಳಿದ್ದು ಫ್ಯಾನು ಅಂತ ಒಂದೇ ಶಬ್ದ. ಉಳಿದ ಎರಡು ಪುಟ ನನ್ನದು,” ಎಂದರು.

ಪ್ಲಗ್ ತೆಗೆಸಬೇಕಾಗುತ್ತದಲ್ಲ ಎಂದು ಪ್ರೇಮನಾಥ ಹೆದರುತ್ತಲೇ ಕೇಳಿದ. ಉಪಾಧ್ಯಾಯರು ಜೇಬಿನಿಂದ ಪೆನ್ನು ತೆಗೆದು, ಮನೋರಮಾ ಅವರ ಹಳೆಯ ನೋಟ್ಸಿನ ಹಿಂಬದಿಯಲ್ಲಿ ಬೋರ್ಡಿನ ವಾಕ್ಯವನ್ನು ಬರೆದರು. ‘ವಿದ್ಯುತ್ತಿನಿಂದ ಓಡುವ ವಾಹನಗಳಿಗೆ ಮಾತ್ರ’. ಆಚೀಚೆ ತಿರುಗಿಸಿ ನೋಡಿ, ಮೊದಲ ಶಬ್ದದ ಕೊನೆಗೆ ಒಂದು ‘ಲೂ’ ಸೇರಿಸಿದರು. ‘ವಿದ್ಯುತ್ತಿನಿಂದಲೂ ಓಡುವ’. ಒಂದೇ ಅಕ್ಷರದ ತಿದ್ದುಪಡಿ, ಸಭೆ ಕರೆಯುವ ಅಗತ್ಯ ಕೂಡ ಇಲ್ಲ ಎಂದರು. ಬೇರೆಯವರು ಇಂಥ ಕಾರು ತಂದರೆ ಅವರಿಗೂ ಆಗುತ್ತದೆ. ಕದ್ರಿ ಪಾರ್ಕಿಗೆ ಮಾತ್ರ ಮುಂದಿನ ವಾರ ಇನ್ನೊಂದು ಭಾಷಣಕ್ಕೆ ಹೋಗಬೇಕು, ಈ ಸಲ ಅಮ್ಮಣ್ಣಿಯಮ್ಮನವರನ್ನೂ ಕರೆದುಕೊಂಡು ಹೋಗುತ್ತೇನೆ ಎಂದರು.

ಒಂದು ಗಂಟೆಗೆ ಬೆಲ್ ಹೊಡೆಯಿತು. ಮನೋರಮಾ ಗೋಡೆ ಹಿಡಿದು ಒಂಟಿಕಾಲಲ್ಲಿ ಬಾಗಿಲಿಗೆ ಬಂದರು. ಇಬ್ಬರೂ ಫಲಿತಾಂಶ ಕೇಳುವ ಹುಡುಗರಂತೆ ಎದ್ದು ನಿಂತರು. ಎಲ್ಲ ಬರೆದೆ, ಒಂದು ಪ್ರಶ್ನೆಗೆ ಹೆಚ್ಚುವರಿ ಹಾಳೆ ಕೂಡ ತೆಗೆದುಕೊಂಡೆ ಎಂದರು ಅವರು. ಕಾರಿನಲ್ಲಿ ಕೂತು, ಕಾಲು ಚಾಚಿ, ನೀರು ಕುಡಿದ ಮೇಲೆ ಹೇಳಿದರು:

“ಇನ್ನು ಪಿಎಚ್‌ಡಿ ಮಾಡ್ತೇನೆ. ವಾರಕ್ಕೆ ಎರಡು ಸಲ ಕೊಣಾಜೆಯ ಯೂನಿವರ್ಸಿಟಿಗೆ ಹೋಗ್ಬೇಕಾಗ್ತದೆ.”

ಹೋಗುವುದು ಕರೆಂಟಿನಲ್ಲಿ ಆದೀತು, ಬರುವುದು ಪೆಟ್ರೋಲಿನಲ್ಲಿ ಎಂದು ಪ್ರೇಮನಾಥ ಲೆಕ್ಕ ಹಾಕಿದ. ಕಾರು ಕೊಡಲು ಅವನಿಗೇನೂ ಅಡ್ಡಿಯಿರಲಿಲ್ಲ. ಆದರೆ ವಾರದ ನಡುವೆ ಎರಡು ದಿನ ಐಸ್ ಪ್ಲಾಂಟ್ ಬಿಟ್ಟು ಬರುವಂತಿಲ್ಲ, ಓಡಿಸುವವರು ಯಾರು ಎಂಬುದೇ ಪ್ರಶ್ನೆ ಎಂದ.

“ಇವರು ಕಲೀಲಿ,” ಎಂದರು ಮನೋರಮಾ.

ಉಪಾಧ್ಯಾಯರು ಮೈದಾನ ನೋಡಿದರು. ಪರೀಕ್ಷೆಗೆ ಬಂದವರೆಲ್ಲ ಹೋಗಿ ಅದು ಖಾಲಿಯಾಗಿತ್ತು. ಅವರು ಪಂಚೆ ಎತ್ತಿ ಕಟ್ಟಿ, ಕಾರನ್ನು ಒಂದು ಸುತ್ತು ಬಂದು, ಬಲಗಡೆಯ ಬಾಗಿಲು ತೆರೆದು ಗಂಭೀರವಾಗಿ ಕೂತರು. ಕನ್ನಡಕ ಒರೆಸಿಕೊಂಡರು. ಪ್ರೇಮನಾಥ ಪಕ್ಕದಲ್ಲಿ ಕೂತು ಬ್ರೇಕು ಯಾವುದು, ಗೇರು ಯಾವುದು ಎಂದು ತೋರಿಸಿದ. ಮರುಮಾತಾಡದೆ ಅವರು ತಲೆಯಾಡಿಸಿದರು. ಪ್ರೇಮನಾಥ ಅವರಿಗೆ ಅರ್ಥವಾಗಿದೆ ಎಂದು ತಿಳಿದ. ಉಪಾಧ್ಯಾಯರು ಅರವತ್ತಮೂರನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ಗೇರು ಎಳೆದು ಆಕ್ಸಿಲರೇಟರ್ ಒತ್ತಿದರು, ಕಾರು ಅವರಿಬ್ಬರನ್ನೂ ಎಂಎ ಮುಗಿಸಿದ ಮನೋರಮಾ ಅವರನ್ನೂ ಹೊತ್ತು, ಮೆಲ್ಲನೆ ಗುರುಗುಟ್ಟುತ್ತ, ಅತ್ಯಂತ ಘನತೆಯಿಂದ ಹಿಂದಕ್ಕೆ ಹೋಯಿತು.